ಮೊದಲ ಪಾದಯಾತ್ರೆಗೆ ಯಾವ ದಾರಿ?



ಮೊದಲ ಸಲ ಪಾದಯಾತ್ರೆ ಹೊರಡುವವರು ಯಾವ ದಾರಿ ಹಿಡಿಯಬೇಕೆಂದು ನನ್ನನ್ನು ಕೇಳುತ್ತಾರೆ. ರಸ್ತೆ ಮಾಡಿಸುತ್ತಲೇ ನಿವೃತ್ತನಾದವನು ನಾನು. ಆದರೂ ಧಾರವಾಡದಿಂದ ಉಳವಿಗೆ ಮೊದಲು ಹೊರಟಾಗ ಎಡವಿದೆ. ನಕಾಶೆ ಹಾಸಿ, ದಿನಕ್ಕೆ 35 ಕಿಲೋಮೀಟರ್ ಎಂದು ಗೆರೆ ಎಳೆದೆ. ಹಳಿಯಾಳ ದಾಟಿದ ಮೇಲೆ ಜೊತೆಗಿದ್ದ ಹಿರಿಯ ತಾಯಿಯೊಬ್ಬರ ಅಂಗಾಲಿನಲ್ಲಿ ಬೊಬ್ಬೆ ಎದ್ದವು. ಲೆಕ್ಕ ತಪ್ಪೀತೆಂದು ನಾನು ನಿಲ್ಲಲಿಲ್ಲ. ಅವರು ಬಸ್ ಹತ್ತಿ ಊರಿಗೆ ಮರಳಿದರು.

ಕಲ್ಯಾಣ ಕ್ರಾಂತಿಯ ನಂತರ ಚನ್ನಬಸವಣ್ಣನವರು, ಅಕ್ಕನಾಗಮ್ಮನವರು ಶರಣರೊಡನೆ ವಚನದ ಕಟ್ಟು ಉಳಿಸಿಕೊಂಡು ಉಳವಿಗೆ ಬಂದರೆಂದು ಹಿರಿಯರು ಹೇಳುತ್ತಾರೆ. ಅವರ ಹೆಸರಿನಲ್ಲಿ ನಡೆದ ನಾನು ಒಬ್ಬ ತಾಯಿಗಾಗಿ ಅರ್ಧ ದಿನ ಕಾಯಲಿಲ್ಲ.

ಈಗ ನಾನು ಹೇಳುವುದಿಷ್ಟು. ಯುಗಾದಿಯ ಶ್ರೀಶೈಲ ಯಾತ್ರೆ ಉರಿಬಿಸಿಲಿನದು, ದೂರದ್ದು; ಅದು ಆಮೇಲಿರಲಿ. ಭಾರತ ಹುಣ್ಣಿಮೆಯ ಉಳವಿ ಜಾತ್ರೆಗೆ ಹೊರಡಿ. ಆಗ ಚಕ್ಕಡಿಗಳೂ ಜನರೂ ದಾರಿಯಲ್ಲಿರುತ್ತಾರೆ. ದಿನಕ್ಕೆ 15–20 ಕಿಲೋಮೀಟರ್ ಸಾಕು. ನೀರು, ನೆರಳು, ರಾತ್ರಿ ತಂಗುವ ಜಾಗ ಮೊದಲೇ ನೋಡಿಕೊಳ್ಳಿ. ದಾಂಡೇಲಿಯಿಂದಾಚೆಗೆ ಕಾಡು, ಹಗಲಿನಲ್ಲೇ ನಡೆಯಿರಿ.

ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಕೇಳಿಯೇ ದಾರಿ ಗೊತ್ತುಮಾಡಿ. ಅವರು ಮುಟ್ಟಿದರೇ ನಾವು ಮುಟ್ಟಿದಂತೆ.