ಉಕ್ಕಿಗೂ ಆಯುಷ್ಯವಿದೆ

(ತೂಗುಸೇತುವೆಗಳ ನಿರ್ವಹಣೆ ಕುರಿತ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಬೇಲಿ ಕಟ್ಟುವಾಗ ಇಕ್ಕಳ ಕೈಗೆ ಸಿಗದಿದ್ದರೆ ತಂತಿಯನ್ನು ಅತ್ತಿತ್ತ ಬಗ್ಗಿಸಿ ಮುರಿಯುತ್ತೇವೆ. ಎಳೆದರೆ ತುಂಡಾಗದ ತಂತಿ, ಹಲವು ಸಲ ಬಗ್ಗಿದ ಮೇಲೆ ತುಂಡಾಗುತ್ತದೆ. ಇದು ಲೋಹದ ದಣಿವು. ತಾಳಬಲ್ಲ ಭಾರವೇ ಆದರೂ ಅದು ಮತ್ತೆ ಮತ್ತೆ ಬಿದ್ದಾಗ ಸೂಕ್ಷ್ಮ ಬಿರುಕೊಂದು ಹುಟ್ಟಿ, ಬೆಳೆದು, ಒಂದು ದಿನ ಹಠಾತ್ತನೆ ಮುರಿತಕ್ಕೆ ಕಾರಣವಾಗುತ್ತದೆ.

ಈ ಆಯುಷ್ಯವನ್ನು ಅಂದಾಜು ಮಾಡಬಹುದು. 19ನೇ ಶತಮಾನದಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲುಗಾಡಿಯ ಅಚ್ಚುಗಳನ್ನು ಪರೀಕ್ಷಿಸಿ, ಎಷ್ಟು ಒತ್ತಡಕ್ಕೆ ಎಷ್ಟು ಆವರ್ತನೆಗಳ ಬಾಳಿಕೆ ಎಂಬುದನ್ನು ತೋರಿಸಿದರು. 1924ರಲ್ಲಿ ಪಾಮ್‌ಗ್ರೆನ್, 1945ರಲ್ಲಿ ಮೈನರ್ ಸರಳ ಲೆಕ್ಕವೊಂದನ್ನು ಮುಂದಿಟ್ಟರು. ಒಂದು ಭಾರವನ್ನು 10 ಲಕ್ಷ ಸಲ ತಾಳುವ ಭಾಗವು ಅದನ್ನು 1 ಲಕ್ಷ ಸಲ ಹೊತ್ತರೆ, ಆಯುಷ್ಯದ ಹತ್ತನೇ ಒಂದು ಪಾಲು ಖರ್ಚಾದಂತೆ. ಬೇರೆ ಬೇರೆ ಭಾರಗಳ ಇಂಥ ಖರ್ಚನ್ನೆಲ್ಲ ಕೂಡಿಸಿದಾಗ ಮೊತ್ತ ಒಂದನ್ನು ಮುಟ್ಟಿದರೆ ಆಯುಷ್ಯ ಮುಗಿಯಿತು. ಬೆಸುಗೆ ಹಾಕಿದ ಉಕ್ಕಿನಲ್ಲಿ ಒತ್ತಡ ಇಮ್ಮಡಿಯಾದರೆ ಬಾಳಿಕೆ ಸುಮಾರು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಕಾಲ್ನಡಿಗೆಯ ಸೇತುವೆಯ ಮೇಲೆ ಅಡಿಕೆ ಮೂಟೆ ಹೇರಿದ ಬೈಕು ಓಡಿಸುವವರು ಇದನ್ನು ನೆನಪಿಡಬೇಕು.

ಆದರೆ ಒಂದೇ ಚೀಲದ ಬೀಜವೆಲ್ಲ ಒಂದೇ ದಿನ ಮೊಳೆಯುವುದಿಲ್ಲ. ಹಾಗೆಯೇ ಒಂದೇ ಸರಳಿನ ಎರಡು ತುಂಡುಗಳ ಬಾಳಿಕೆಯೂ ಒಂದೇ ಆಗಿರುವುದಿಲ್ಲ. ಮೇಲಾಗಿ ತುಕ್ಕು ಹಿಡಿದಲ್ಲಿ ಬಿರುಕು ಬೇಗ ಹುಟ್ಟುತ್ತದೆ. ನಮ್ಮ ಮಳೆಗಾಲ ಎಂಥದೆಂದು ನಿಮಗೆ ಹೇಳಬೇಕಿಲ್ಲ. ಆದ್ದರಿಂದ ಲೆಕ್ಕದ ಜೊತೆಗೆ ಕಣ್ಣೂ ಬೇಕು.

2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ತೂಗುಸೇತುವೆ ಕುಸಿದು 130ಕ್ಕೂ ಹೆಚ್ಚು ಜನ ಸತ್ತರು. ದುರಸ್ತಿಯ ನಂತರ ಅದನ್ನು ತೆರೆದು ನಾಲ್ಕೇ ದಿನವಾಗಿತ್ತು. ಮುಖ್ಯ ಹಗ್ಗವೊಂದರ 49 ತಂತಿಗಳಲ್ಲಿ 22 ತುಕ್ಕು ತಿಂದಿದ್ದವು, ಅವು ಮೊದಲೇ ತುಂಡಾಗಿದ್ದಿರಬಹುದು ಎಂದು ತನಿಖಾ ತಂಡ ಹೇಳಿತು. ಹೊಸ ಹಾಸು ಹಾಕಿದ ಮಾತ್ರಕ್ಕೆ ಹಳೆಯ ಹಗ್ಗಕ್ಕೆ ಹೊಸ ಆಯುಷ್ಯ ಬರುವುದಿಲ್ಲ.

1989ರಲ್ಲಿ ಸುಳ್ಯದ ಬಳಿಯ ಅರಂಬೂರಿನಲ್ಲಿ ಗಿರೀಶ್ ಭಾರದ್ವಾಜರು ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಆ ಬಳಿಕ ಇಂಥ ಸೇತುವೆಗಳು ಎಷ್ಟೋ ಹಳ್ಳಿಗಳ ಮಕ್ಕಳನ್ನು ಶಾಲೆಗೆ ದಾಟಿಸಿವೆ. ಅವುಗಳನ್ನು ಕಾಯುವುದು ನಮ್ಮ ಹೊಣೆ. ಪ್ರತಿ ಮಳೆಗಾಲದ ಮುಂಚೆ ಮತ್ತು ನಂತರ ಹಗ್ಗವು ಕಂಬದ ತಲೆಯ ಮೇಲೆ ಬಾಗುವ ಜಾಗ, ಹಿಡಿಕೆಗಳ ಅಡಿ, ಮಣ್ಣಿಗೆ ಇಳಿಯುವ ಬುಡ ಇವನ್ನು ನೋಡಿರಿ. ತುಂಡಾದ ಒಂದು ಎಳೆ ಕಂಡರೂ ದಿನಾಂಕದೊಡನೆ ಪುಸ್ತಕದಲ್ಲಿ ಬರೆದು ಪಂಚಾಯಿತಿಗೆ ತಿಳಿಸಿರಿ. ಎಂಜಿನಿಯರರು ಬಂದು ಪರೀಕ್ಷಿಸುವವರೆಗೆ ಸಂಚಾರ ನಿಲ್ಲಿಸಿರಿ. ವಿದ್ಯಾರ್ಥಿಗಳೇ, ಆ ಪುಸ್ತಕ ನಿಮ್ಮ ಕೈಯಲ್ಲಿರಲಿ.