ಗೇರ್ ಬಾಕ್ಸಿನ ಎರಡು ಎಣ್ಣೆಗಳು

ನನ್ನ ಮುಂದಿನ ಮೇಜಿನ ಮೇಲೆ ಎರಡು ಬಾಟಲಿಗಳಿವೆ. ಒಂದರಲ್ಲಿರುವುದು ಜೋನಿಬೆಲ್ಲದ ಬಣ್ಣದ ಮಂದ ಎಣ್ಣೆ. ಬಾಟಲಿ ಓರೆ ಮಾಡಿದರೆ ಸಾವಕಾಶವಾಗಿ ಹರಿಯುತ್ತದೆ, ಮುಚ್ಚಳ ತೆಗೆದರೆ ಗಂಧಕದ ಘಾಟು ಬರುತ್ತದೆ. ಇನ್ನೊಂದರಲ್ಲಿ ದಾಳಿಂಬೆ ರಸದಂಥ ಕೆಂಪು, ತೆಳು ಎಣ್ಣೆ. ಎರಡೂ ಗೇರ್ ಬಾಕ್ಸಿಗೆ ಹಾಕುವ ಎಣ್ಣೆಗಳೇ. ಮೊದಲನೆಯದು ನಾವು ಕೈಯಿಂದ ಗೇರ್ ಬದಲಿಸುವ ಹಳೆಯ ಲಾರಿಗಳದ್ದು. ಎರಡನೆಯದು ತಾನೇ ಗೇರ್ ಬದಲಿಸಿಕೊಳ್ಳುವ ಆಟೊಮ್ಯಾಟಿಕ್ ಗಾಡಿಗಳದ್ದು. ಇವನ್ನು ಮನೆಯಲ್ಲಿಯೇ ತುಂಬುವುದು ಕಷ್ಟದ ಕೆಲಸವೇನಲ್ಲ. ಆದರೆ ಎಷ್ಟು ತುಂಬಿತು ಎಂದು ತಿಳಿಯುವುದರಲ್ಲಿ ಜನ ತಪ್ಪುತ್ತಾರೆ. ನಾನೂ ತಪ್ಪಿದ್ದೇನೆ.

ನಾನು ಹುಬ್ಬಳ್ಳಿ-ಧಾರವಾಡದ ನಡುವಿನ ಅಮರಗೋಳದವನು. ಎ.ಪಿ.ಎಂ.ಸಿ. ಪ್ರಾಂಗಣ ನಮ್ಮಲ್ಲೇ ಇರುವುದರಿಂದ ಲಾರಿಯ ಸದ್ದು ಕೇಳುತ್ತಲೇ ಬೆಳೆದವನು. ನಮ್ಮ ಕಾಕಾನ ಹತ್ತಿರ ಹಳೆಯ ಟಾಟಾ ಲಾರಿ ಒಂದಿತ್ತು. ಟೆಲ್ಕೊ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಲಾರಿ ತಯಾರಿಸಲು ತೊಡಗಿತು. 1969ರವರೆಗೆ ಆ ಸಂಬಂಧ ನಡೆಯಿತು. ಆ ಕಾಲದ ಲಾರಿಗಳ ಮೂತಿಯ ಮೇಲೆ ಮೂರು ಕೈಯ ನಕ್ಷತ್ರವಿರುತ್ತಿತ್ತು. ಕಾಕಾ ಅದನ್ನು ಪ್ರತಿ ಅಮಾವಾಸ್ಯೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ.

ಇಂಥ ಗೇರ್ ಬಾಕ್ಸಿನೊಳಗೆ ಉಕ್ಕಿನ ಹಲ್ಲುಚಕ್ರಗಳು ಒಂದಕ್ಕೊಂದು ಕಚ್ಚಿಕೊಂಡು ತಿರುಗುತ್ತವೆ. ಶಕ್ತಿ ಸಾಗುವುದು ಹಲ್ಲಿನಿಂದ ಹಲ್ಲಿಗೆ. ಎಣ್ಣೆಯ ಕೆಲಸ ಆ ಹಲ್ಲುಗಳು ಸವೆಯದಂತೆ ನಡುವೆ ಪದರವಾಗಿ ನಿಲ್ಲುವುದು, ಕಾವನ್ನು ಹೊರಗೆ ಒಯ್ಯುವುದು, ಇಷ್ಟೇ. ಅದಕ್ಕೇ ಅದು ಮಂದ. ಮಿಸ್ತ್ರಿಗಳು '90 ನಂಬರ್ ಆಯಿಲ್' ಎನ್ನುವುದು ಆ ಮಂದತನದ ಅಳತೆ. ನಂಬರ್ ಒಂದೇ ಆದರೆ ಸಾಲದು, ಡಬ್ಬಿಯ ಮೇಲೆ ಜಿ.ಎಲ್.-4 ಎಂದಿದೆಯೋ ಜಿ.ಎಲ್.-5 ಎಂದಿದೆಯೋ ನೋಡಬೇಕು. ಎರಡನೆಯದರಲ್ಲಿ ಗಂಧಕ-ರಂಜಕದ ಮಿಶ್ರಣ ಹೆಚ್ಚು. ಹಿಂಬದಿಯ ಹೌಸಿಂಗಿಗೆ ಅದು ಒಳ್ಳೆಯದು. ಗೇರ್ ಬಾಕ್ಸಿನೊಳಗೆ ಹಿತ್ತಾಳೆಯ ಬಳೆಗಳಿದ್ದರೆ ಅವನ್ನು ತಿನ್ನಬಹುದು.

ಈ ಪೆಟ್ಟಿಗೆಯ ಬದಿಯಲ್ಲಿ ಒಂದು ಪ್ಲಗ್ ಇರುತ್ತದೆ. ಎಂಜಿನ್ ನಿಲ್ಲಿಸಿ, ಆ ತೂತಿನ ಅಂಚಿಗೆ ಎಣ್ಣೆ ಬರುವವರೆಗೆ ತುಂಬಬೇಕು. ನಾನು ಹತ್ತನೆಯ ತರಗತಿ ಮುಗಿಸಿದ ರಜೆಯಲ್ಲಿ ಮನೆಯ ಮುಂದೆ ಈ ಕೆಲಸಕ್ಕೆ ನಿಂತೆ. ಪ್ಲಗ್ ಇದ್ದ ಬದಿಯ ಗಾಲಿಗಳು ಗಟಾರದ ಅಂಚಿಗೆ ಇಳಿದಿದ್ದವು. ಸ್ವಲ್ಪ ಹಾಕುವಷ್ಟರಲ್ಲೇ ಎಣ್ಣೆ ತೂತಿನಿಂದ ಹೊರಚೆಲ್ಲಿತು. "ತುಂಬೇತಿ ಕಾಕಾ, ಸೋರಾಕತ್ತೈತಿ" ಅಂದೆ. "ಹಂಗಾರ ಪ್ಲಗ್ ಬಿಗಿ ಮಾಡಪಾ" ಅಂದ ಕಾಕಾ. ಓರೆ ಹಿಡಿದ ತಂಬಿಗೆಯಿಂದ ನೀರು ಬೇಗ ಚೆಲ್ಲುತ್ತದೆ, ಆದರೆ ತಂಬಿಗೆ ತುಂಬಿರುವುದಿಲ್ಲ ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ಮರುದಿನ ಉಳ್ಳಾಗಡ್ಡಿ ಹೇರಿಕೊಂಡು ಬೆಂಗಳೂರಿಗೆ ಹೊರಟ ಲಾರಿ ಚಿತ್ರದುರ್ಗ ಮುಟ್ಟುವ ಮೊದಲೇ ಕೂಗಲು ಹತ್ತಿತು. ಹಿರಿಯೂರಿನ ಹತ್ತಿರ ಬೇರಿಂಗ್ ಸುಟ್ಟು ನಿಂತಿತು. ಮಳೆಯಲ್ಲಿ ಎರಡು ದಿನ ನಿಂತ ಉಳ್ಳಾಗಡ್ಡಿ ಏನಾಯಿತೆಂದು ನಾನು ಹೇಳಬೇಕಾಗಿಲ್ಲ. ಆ ವರ್ಷ ಕಾಕೂನ ಪಾಟಲಿಗಳು ಒತ್ತೆ ಹೋದವು. ಕಾಕಾ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ಇನ್ನು ಕೆಂಪು ಎಣ್ಣೆ. ಒಂದು ಟೇಬಲ್ ಫ್ಯಾನ್ ಹಚ್ಚಿ, ಅದರ ಎದುರಿಗೆ ಪ್ಲಗ್ ಹಾಕದ ಇನ್ನೊಂದು ಫ್ಯಾನ್ ಇಡಿ. ಮೊದಲನೆಯದರ ಗಾಳಿಗೆ ಎರಡನೆಯದೂ ತಿರುಗುತ್ತದೆ. ಆಟೊಮ್ಯಾಟಿಕ್ ಗಾಡಿಯಲ್ಲಿ ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಇಂಥದೇ ಎರಡು ಚಕ್ರಗಳಿವೆ, ಗಾಳಿಯ ಬದಲು ಎಣ್ಣೆ ಇದೆ. ಮುಂದೆ ಅದೇ ಎಣ್ಣೆ, ನೀವು ಭೌತಶಾಸ್ತ್ರದಲ್ಲಿ ಓದಿದ ಪಾಸ್ಕಲ್ ನಿಯಮದಂತೆ, ಒತ್ತಡದಿಂದ ಒಳಗಿನ ಕ್ಲಚ್‌ಗಳನ್ನು ಒತ್ತಿ ಹಿಡಿಯುತ್ತದೆ. ಅಂದರೆ ಇಲ್ಲಿ ಎಣ್ಣೆ ಯಂತ್ರವನ್ನು ಕಾಯುವುದಷ್ಟೇ ಅಲ್ಲ, ಯಂತ್ರದ ಒಂದು ಭಾಗವೇ ಆಗಿದೆ. ಈ ಬಗೆಯ ಗೇರ್ ಬಾಕ್ಸನ್ನು ಅಮೆರಿಕದ ಜನರಲ್ ಮೋಟರ್ಸ್ ಕಂಪನಿ 1939ರಲ್ಲಿ 'ಹೈಡ್ರಾಮ್ಯಾಟಿಕ್' ಎಂಬ ಹೆಸರಿನಲ್ಲಿ ಕಾರುಗಳಿಗೆ ತಂದಿತು. 1950ರ ದಶಕದ ಆರಂಭದಲ್ಲಿ ಅಲ್ಲಿನ ಸೈನ್ಯದ ಜಿ.ಎಂ.ಸಿ. ಲಾರಿಗಳಿಗೂ ಬಂತು. ಅಂಥ ಹಳೆಯ ಲಾರಿಗಳನ್ನು ಮನೆಯಂಗಳದಲ್ಲಿಟ್ಟು ರಿಪೇರಿ ಮಾಡುವ ಹವ್ಯಾಸಿಗಳು ಅಮೆರಿಕದಲ್ಲಿದ್ದಾರೆ.

ಅವರು ಎಣ್ಣೆ ತುಂಬುವ ರೀತಿ ನಮ್ಮದಕ್ಕೆ ತೀರ ವಿರುದ್ಧ. ಲಾರಿಯನ್ನು ಮಟ್ಟಸ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಗಾಲಿಗಳಿಗೆ ಕಲ್ಲು ಒಡ್ಡುತ್ತಾರೆ. ಎಂಜಿನ್ ನಡೆಯುತ್ತಿರಬೇಕು, ಎಣ್ಣೆ ಕಾದಿರಬೇಕು. ಎಂಜಿನ್ ನಿಂತರೆ ಮೇಲಿನ ಎಣ್ಣೆ ಕೆಳಗಿಳಿದು ಮಟ್ಟ ಹೆಚ್ಚು ತೋರುತ್ತದೆ; ತಣ್ಣಗಿದ್ದರೆ ಎಣ್ಣೆ ಕುಗ್ಗಿ ಕಡಿಮೆ ತೋರುತ್ತದೆ. ಬ್ರೇಕ್ ಒತ್ತಿಕೊಂಡು ಗೇರಿನ ಹಿಡಿಯನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ಒಯ್ದು, ನ್ಯೂಟ್ರಲ್‌ಗೆ ತಂದು, ಡಿಪ್ ಸ್ಟಿಕ್ ಒರೆಸಿ ಅದ್ದಿ ನೋಡುತ್ತಾರೆ. ಅದರ ಎರಡು ಗುರುತುಗಳ ನಡುವಿನ ಅಂತರ ಸಾಮಾನ್ಯವಾಗಿ ಅರ್ಧ ಲೀಟರಿನಷ್ಟೇ. ಆದ್ದರಿಂದ ಲಾಳಿಕೆ ಇಟ್ಟು ಸ್ವಲ್ಪ ಸ್ವಲ್ಪವೇ ಹಾಕಬೇಕು. ಎಂಜಿನ್ ನಡೆಯುತ್ತಿರುವಾಗ ಲಾರಿಯ ಕೆಳಗೆ ಯಾರೂ ತೂರಬಾರದು.

ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ ಎನ್ನುವುದು ಎಲ್ಲರಿಗೂ ಅರ್ಥವಾಗುತ್ತದೆ. 'ಇರಲಿ, ಸ್ವಲ್ಪ ಹೆಚ್ಚೇ ಇರಲಿ' ಎನ್ನುವುದೂ ಅಷ್ಟೇ ಕೆಟ್ಟದ್ದು. ಹೆಚ್ಚಾದ ಎಣ್ಣೆಯನ್ನು ತಿರುಗುವ ಚಕ್ರಗಳು ಮಜ್ಜಿಗೆ ಕಡೆದಂತೆ ಕಡೆದು ನೊರೆ ಮಾಡುತ್ತವೆ. ನೊರೆಯೊಳಗಿನ ಗಾಳಿ ಒತ್ತಿದರೆ ಕುಗ್ಗುತ್ತದೆ, ಒತ್ತಡ ಬೀಳುತ್ತದೆ, ಕ್ಲಚ್ ಜಾರಿ ಸುಡುತ್ತದೆ. ಕೆಂಪು ಬಣ್ಣ ಬೆರೆಸಿದ್ದು, ಸೋರಿದರೆ ಎಂಜಿನ್ ಆಯಿಲ್ ಅಲ್ಲವೆಂದು ಗೊತ್ತಾಗಲಿ ಎಂದು. ಎಣ್ಣೆ ಕಂದಾಗಿ ಸೀದ ವಾಸನೆ ಬಂದರೆ ಕ್ಲಚ್ ಸುಟ್ಟಿದೆ. ಹಾಲು ಬೆರೆತಂತೆ ಗುಲಾಬಿಯಾದರೆ ರೇಡಿಯೇಟರಿನ ನೀರು ಸೇರಿದೆ.

ಈ ಎಣ್ಣೆಗೊಂದು ವಿಚಿತ್ರ ಚರಿತ್ರೆಯೂ ಇದೆ. ಕ್ಲಚ್ ನಯವಾಗಿ ಹಿಡಿಯಲೆಂದು 1970ರ ದಶಕದ ಆರಂಭದವರೆಗೂ ಇದರಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಅಮೆರಿಕ ಆ ಎಣ್ಣೆಯನ್ನು ನಿಷೇಧಿಸಿದ ಮೇಲೆ ರಸಾಯನಶಾಸ್ತ್ರಜ್ಞರು ಬದಲಿ ಹುಡುಕಬೇಕಾಯಿತು. ಕಾರಿನ ಗೇರ್ ನಯವಾಗಿ ಬೀಳಲೆಂದು ಸಮುದ್ರದಲ್ಲಿ ತಿಮಿಂಗಿಲ ಸಾಯುತ್ತಿತ್ತು!

ನಮ್ಮ ಹಳೆಯ ಲಾರಿಗಳಿಗೆ ಆಟೊಮ್ಯಾಟಿಕ್ ಗೇರ್ ಬಾಕ್ಸ್ ಬರಲಿಲ್ಲ. ಆದರೆ 2018ರಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ಓಡಲು ಶುರುವಾದ 'ಚಿಗರಿ' ಬಸ್ಸಿನಲ್ಲಿ ಡ್ರೈವರನ ಎಡಗಾಲಿಗೆ ಕ್ಲಚ್ ಇಲ್ಲವೆಂದು ನಮ್ಮೂರ ಹಳೆಯ ಡ್ರೈವರುಗಳು ನಿಂತು ನೋಡಿದರು. ಈಗ ಮನೆಗಳಿಗೂ ಆಟೊಮ್ಯಾಟಿಕ್ ಕಾರು ಬಂದಿವೆ. ಹೊಸ ಕಾರುಗಳಲ್ಲಿ ಅನೇಕಕ್ಕೆ ಡಿಪ್ ಸ್ಟಿಕ್ಕೇ ಇರುವುದಿಲ್ಲ, ನಿಗದಿತ ಉಷ್ಣತೆಯಲ್ಲಿ ಕೆಳಗಿನ ಪ್ಲಗ್ ತೆಗೆದು ಅಳೆಯಬೇಕು. ಅವನ್ನು ಅಂಗಳದಲ್ಲಿ ಬಿಚ್ಚಲು ಹೋಗಬೇಡಿ. ಕಂಪನಿಯ ಪುಸ್ತಕ ಏನು ಹೇಳುತ್ತದೋ ಅದೇ ಎಣ್ಣೆ, ಅದೇ ರೀತಿ.

ಇಳಿಸಿದ ಹಳೆಯ ಎಣ್ಣೆಯನ್ನು ಗಟಾರಕ್ಕೆ ಸುರಿಯುವ ರೂಢಿ ನಮ್ಮಲ್ಲಿದೆ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಟ್ಟು, ಹಳೆಯ ಎಣ್ಣೆ ಒಯ್ಯಲು ಪರವಾನಗಿ ಇರುವವರಿಗೆ ಕೊಡಬೇಕು. ಕೊಡುವ ಮುಂಚೆ ಡ್ರೈನ್ ಪ್ಲಗ್ಗಿನ ಮೇಲೆ ಬೆರಳಾಡಿಸಿ ನೋಡಿ. ಅದಕ್ಕೆ ಅಯಸ್ಕಾಂತವಿದ್ದರೆ ಹಿಟ್ಟಿನಂಥ ಕಪ್ಪು ಪುಡಿ ಹತ್ತಿರುತ್ತದೆ, ಅದು ಸಹಜ. ಉಗುರಿಗೆ ಸಿಗುವಂಥ ಚೂರು ಸಿಕ್ಕರೆ ಮಾತ್ರ ಹೊಸ ಎಣ್ಣೆ ಹಾಕದೆ ಮಿಸ್ತ್ರಿಯನ್ನು ಕರೆಯಿರಿ.