ಗಡಿ ದಾಟಿದರೂ ನಮ್ಮ ರೋಗಿಯೇ



ಬದಲಾವಣೆಯ ಕಾಲದಲ್ಲಿ ಆರೋಗ್ಯ ಸಂಸ್ಥೆಗಳನ್ನು ಮುನ್ನಡೆಸುವ ಬಗೆ ಎಂಬುದು ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ವೈದ್ಯರು, ಶುಶ್ರೂಷಾಧಿಕಾರಿಗಳು, ಆಶಾ ಕಾರ್ಯಕರ್ತೆಯರು ಸೇರಿರುವ ಇಂದಿನ ಗೋಷ್ಠಿಯ ವಿಷಯ. ಈ ಮಾತನ್ನು ಚಳ್ಳಕೆರೆಯಲ್ಲಿ ಆಡುವಾಗ ಮೊದಲು ನೆಲದ ಕಡೆ ನೋಡಬೇಕು. ಮೊಳಕಾಲ್ಮುರಿನವರಿಗೆ ತಮ್ಮ ಜಿಲ್ಲಾ ಕೇಂದ್ರವಾದ ಚಿತ್ರದುರ್ಗಕ್ಕಿಂತ ಬಳ್ಳಾರಿ ಹತ್ತಿರ. ಬಳ್ಳಾರಿಗಿಂತ ಆಂಧ್ರದ ರಾಯದುರ್ಗ ಇನ್ನೂ ಹತ್ತಿರ. ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು, ಕಚೇರಿಯಲ್ಲಿ ಕನ್ನಡ. ಕಾಯಿಲೆ ಬಿದ್ದವರು ಬಸ್ಸು ಸಿಕ್ಕ ದಿಕ್ಕಿಗೆ ಹೋಗುತ್ತಾರೆ. ಇಲಾಖೆಯ ಲೆಕ್ಕ ಮಾತ್ರ ಜಿಲ್ಲೆಯ ಗೆರೆಯಲ್ಲೇ ನಿಂತುಬಿಡುತ್ತದೆ.

ಕಳೆದ ಎರಡು ದಶಕಗಳಲ್ಲಿ ಬಂದ ಒಂದೊಂದು ಬದಲಾವಣೆಯೂ ಯಾವುದೋ ಒಂದು ಗಡಿಯನ್ನು ಅಳಿಸುತ್ತೇನೆಂದೇ ಬಂತು. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆಶಾ ಕಾರ್ಯಕರ್ತೆಯನ್ನು ಮನೆ ಬಾಗಿಲಿಗೆ ತಂದಿತು. 2008ರ ನವೆಂಬರ್ 1ರಂದು ಕರ್ನಾಟಕದಲ್ಲಿ 108 ಆಂಬ್ಯುಲೆನ್ಸ್ ಓಡಾಟ ಶುರುವಾಯಿತು. 2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಂದು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಕೊಟ್ಟಿತು. 2021ರಿಂದ 14 ಅಂಕಿಯ ಆಭಾ ಆರೋಗ್ಯ ಗುರುತಿನ ಸಂಖ್ಯೆ ಬಂತು. ಚಿತ್ರದುರ್ಗಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂತು. ಇವೆಲ್ಲ ಒಳ್ಳೆಯವೇ. ಇವುಗಳಲ್ಲಿ ಒಂದನ್ನೂ ನಾನು ಅಲ್ಲಗಳೆಯುವುದಿಲ್ಲ.

ಆದರೆ ಹಣ ರೋಗಿಯ ಹಿಂದೆ ಹೋಗಲು ಕಲಿತಿದೆ, ಮಾಹಿತಿಯೂ ಕಲಿಯುತ್ತಿದೆ, ಹೊಣೆ ಇನ್ನೂ ಕಲಿತಿಲ್ಲ. ಇಂದು ನಾನು ಹೇಳಬೇಕೆಂದಿರುವುದು ಇದೊಂದನ್ನೇ.

ರೆಫರ್ ಚೀಟಿಯನ್ನೇ ನೋಡೋಣ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ, ತುರ್ತು ಸಂದರ್ಭ ಬಿಟ್ಟರೆ, ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕು. ಹಾಗಾಗಿ ಚೀಟಿಗೆ ಹಣದ ಬೆಲೆ ಬಂತು. ಸೀಲು, ಸಹಿ, ಕೋಡು ಎಲ್ಲವೂ ಸರಿಯಾಗಿರುತ್ತವೆ. ಆದರೆ ರಕ್ತಹೀನತೆಯಿಂದ ಬಳಲುವ ತುಂಬು ಗರ್ಭಿಣಿಯನ್ನು ಬಳ್ಳಾರಿಗೆ ಕಳಿಸಿದ ಮೇಲೆ ಅಲ್ಲಿ ಆಕೆಗೆ ರಕ್ತ ಸಿಕ್ಕಿತೇ, ಹೆರಿಗೆ ಆಯಿತೇ, ಕೂಸು ಎಷ್ಟು ತೂಕ ಎಂಬ ಸುದ್ದಿ ಕಳಿಸಿದ ವೈದ್ಯರಿಗೆ ತಾನಾಗಿ ಮರಳುವುದು ಅಪರೂಪ. ಆಶಾ ಫೋನು ಮಾಡಿ ಕೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೊಣೆ ಹಂಚಿಹೋದರೆ ಏನಾಗಬಹುದು ಎಂಬುದನ್ನೂ ನೋಡಿ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ನರಕ್ಕೆ ಕೊಡುವ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಿತ್ತು, ಔಷಧ ನಿಯಂತ್ರಕರನ್ನು ಸರ್ಕಾರ ಅಮಾನತು ಮಾಡಿತು. ಖರೀದಿ ಒಬ್ಬರದು, ಪರೀಕ್ಷೆ ಇನ್ನೊಬ್ಬರದು, ಬಳಕೆ ಮತ್ತೊಬ್ಬರದು ಎಂದು ಹಂಚಿಹೋದ ವ್ಯವಸ್ಥೆಯಲ್ಲಿ ಮೊದಲ ಸಾವಿನ ದಿನವೇ ಬಾಟಲಿ ಪಕ್ಕಕ್ಕಿಡಿಸಿ ‘ನಿಲ್ಲಿಸಿ’ ಎನ್ನುವ ಧೈರ್ಯ ವಾರ್ಡಿನಲ್ಲಿರುವವರಿಗೆ ಇರಬೇಕು. ಆ ಧೈರ್ಯ ಸುತ್ತೋಲೆಯಿಂದ ಬರುವುದಿಲ್ಲ. ಸಿಸ್ಟರ್ ಹೇಳಿದ ಅನುಮಾನವನ್ನು ಮುಖ್ಯಸ್ಥರು ಹಿಂದೆ ಹೇಗೆ ಕೇಳಿಸಿಕೊಂಡಿದ್ದರು ಎನ್ನುವುದರ ಮೇಲೆ ಅದು ನಿಂತಿರುತ್ತದೆ.

ನಮ್ಮಲ್ಲಿ ಇನ್ನೊಂದು ಗಡಿಯಿದೆ, ಹಟ್ಟಿಯ ಬೇಲಿ. ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಬಾಣಂತಿಯನ್ನು ಹೊರಗಿಡುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. 2023ರಲ್ಲಿ ಪಕ್ಕದ ತುಮಕೂರು ಜಿಲ್ಲೆಯ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಊರ ಹೊರಗಿನ ಗುಡಿಸಲಲ್ಲಿಟ್ಟಿದ್ದ ಹಸುಗೂಸು ಸತ್ತಿತು. 2017ರ ಮೌಢ್ಯ ನಿಷೇಧ ಕಾಯ್ದೆ ಹೀಗೆ ಹೊರಗಿಡುವುದನ್ನು ಅಪರಾಧವೆನ್ನುತ್ತದೆ. ಕಾಯ್ದೆ ಬೇಕೇ ಬೇಕು. ಆದರೆ ಹೆರಿಗೆಯಾದ ಮೂರನೆಯ ದಿನ ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ‘ಎಲ್ಲಿಗೆ ಹೋಗ್ತೀಯಮ್ಮಾ, ಎಲ್ಲಿ ಮಲಗ್ತೀಯಾ?’ ಎಂದು ಕೇಳುವವರು ನಾವೇ ತಾನೇ? ಡಿಸ್ಚಾರ್ಜ್ ಸಾರಾಂಶದಲ್ಲಿ ಆ ಪ್ರಶ್ನೆಗೆ ಜಾಗವಿಲ್ಲದಿದ್ದರೆ ಜಾಗ ಮಾಡಬೇಕು.

ಹೊಣೆ ಹೊತ್ತ ಉದಾಹರಣೆ ನಮ್ಮ ನಾಡಿನಲ್ಲೇ ಇದೆ. 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ವಹಿಸಿಕೊಂಡಿತು. ಮೂರ್ಛೆರೋಗ, ಮಾನಸಿಕ ಕಾಯಿಲೆಗಳ ಚಿಕಿತ್ಸೆಯನ್ನೂ ಆ ಪುಟ್ಟ ಕೇಂದ್ರದೊಳಕ್ಕೆ ತಂದರು. ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎನ್ನುವ ಮಾತನ್ನು ಅಲ್ಲಿ ಕಡಿಮೆ ಮಾಡಿದರು. ಸರ್ಕಾರಿ ಕೇಂದ್ರಗಳನ್ನು ಟ್ರಸ್ಟುಗಳಿಗೆ ಕೊಡುವುದೇ ಪರಿಹಾರವೆಂದು ನಾನು ಹೇಳುತ್ತಿಲ್ಲ. ಸರ್ಕಾರದ ವೈದ್ಯಾಧಿಕಾರಿಗೂ ಈ ಮನಸ್ಸು ಸಾಧ್ಯ.

ಆಶಾ ಸಹೋದರಿಯರ ಬಗ್ಗೆ ಒಂದು ಮಾತು. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕುಳಿತದ್ದು ಗೌರವಧನಕ್ಕಾಗಿ. ಪ್ರೋತ್ಸಾಹಧನವನ್ನು ತಾಯಿ-ಮಗುವಿನ ಆರೋಗ್ಯ ಸೇವೆ ದಾಖಲಿಸುವ ಆರ್‌ಸಿಎಚ್ ಪೋರ್ಟಲ್‌ಗೆ ಜೋಡಿಸಿದ್ದರಿಂದ ಮಾಡಿದ ಕೆಲಸಕ್ಕೂ ಹಣ ಬರುತ್ತಿಲ್ಲ ಎಂಬುದು ಅವರ ದೂರುಗಳಲ್ಲೊಂದಾಗಿತ್ತು. ಬದಲಾವಣೆಯ ಭಾರ ಸಂಬಳ ಅತಿ ಕಡಿಮೆ ಇರುವವರ ಹೆಗಲಿಗೇ ಬಿದ್ದರೆ ಅದನ್ನು ಸುಧಾರಣೆ ಎಂದು ಕರೆಯಲು ನನಗೆ ಮನಸ್ಸಾಗದು.

ಸಂಜೆಯ ಗೋಷ್ಠಿ ಮುಗಿಯುವುದರೊಳಗೆ ಒಂದು ತೀರ್ಮಾನಕ್ಕೆ ಬನ್ನಿ ಎಂದು ಕೋರುತ್ತೇನೆ. ಈ ಎರಡು ತಾಲ್ಲೂಕುಗಳ ಪ್ರತಿ ರೆಫರ್ ಚೀಟಿಯಲ್ಲೂ ಕಳಿಸಿದ ವೈದ್ಯರ ಮತ್ತು ಆಶಾಳ ಫೋನ್ ಸಂಖ್ಯೆ ಇರಲಿ. ರೋಗಿ ಬಿಡುಗಡೆಯಾದ ದಿನವೇ ಆ ಸಂಖ್ಯೆಗೆ ಕರೆ ಹೋಗಲಿ. ಚಿತ್ರದುರ್ಗ, ಬಳ್ಳಾರಿಯ ಅಧಿಕಾರಿಗಳು ತಿಂಗಳಿಗೊಮ್ಮೆ ಒಂದೇ ಮೇಜಿನ ಸುತ್ತ ಕುಳಿತು ಆ ಚೀಟಿಗಳನ್ನು ಓದಲಿ, ರಾಯದುರ್ಗದವರನ್ನೂ ಕರೆಯಲಿ. ಇದಕ್ಕೆ ಹೊಸ ಅನುದಾನ ಬೇಕಿಲ್ಲ. ಮೊದಲ ಸಭೆಯ ದಿನಾಂಕವನ್ನು ಇಲ್ಲಿಂದ ಹೊರಡುವ ಮುನ್ನ ಗೊತ್ತುಮಾಡಿ.